ಬಣ್ಣ ಹೋದ ಸರಳುಗಳು

“ಗುರುಗಳ, ಕಣ್ಣಿಗೆ ಎರಡೂ ಒಂದ ಥರಾ ಕಾಣ್ತಾವ ಅಂತ ಇಟ್ಕೋರಿ. ಅದ್ರಾಗ ಒಂದ ಆರಿಸ್ಕೊಂಡು ಕೆಲಸ ಮುಗಿಸಿದ್ರ ತಪ್ಪೇನ್ರಿ? ಆರಿಸಿದ್ದು ಸರಿ ಇದ್ರ ಆತಲ್ರಿ?”

ಗವಿಸಿದ್ಧ ಹೀಗೆ ಕೇಳಿದಾಗ ಮೌನೇಶಾಚಾರ್ಯರು ಊಟ ಮುಗಿಸಿ, ಲೇತಿನ ಪಕ್ಕದ ಮಣೆಯ ಮೇಲೆ ಕೂತು, ಎಲೆಗೆ ಸುಣ್ಣ ಸವರುತ್ತಿದ್ದರು. ನಾಲ್ಕಾರು ಕಾರ್ಖಾನೆಗಳಲ್ಲಿ ಉಕ್ಕು ತಿದ್ದುತ್ತಲೇ ಮುದುಕರಾದವರು ಅವರು. ಈಗ ಊರ ಹೊರಗೆ ಒಂದು ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಎರಡು ಲೇತು, ಒಂದು ಗರಗಸ, ಒಂದು ಕುಲುಮೆ, ಒಂದು ಸಾಣೆಕಲ್ಲು. ಕಲಿಯಲು ಬಂದವರಿಗೆ ಕಲಿಸುತ್ತಿದ್ದರು. ಗವಿಸಿದ್ಧ ಅಲ್ಲಿ ಮೂರನೆಯ ವರ್ಷದ ಶಿಷ್ಯ. ಕೈ ಚುರುಕು, ಮಾತು ಕಡಿಮೆ. ಅಂಥವನು ಊಟವಾದ ಮೇಲೆ ಇದ್ದಕ್ಕಿದ್ದಂತೆ ತತ್ವ ಕೇಳಿದರೆ ಯಾವ ಗುರುವಿಗಾದರೂ ಅನುಮಾನ ಬರಬೇಕು. ಆಚಾರ್ಯರಿಗೆ ಬಂತೋ ಇಲ್ಲವೋ, ಅವರು ಎಲೆ ಮಡಚಿ ಬಾಯಿಗಿಟ್ಟುಕೊಂಡರು, ಅಷ್ಟೇ.

ಪ್ರಶ್ನೆ ತತ್ವದ್ದಲ್ಲ, ಒಂದು ಪಿನ್ನಿನದು. ಬೆಳಿಗ್ಗೆ ಒಬ್ಬ ಟ್ರ್ಯಾಕ್ಟರಿನವನು ಬಂದಿದ್ದ. ಟ್ರ್ಯಾಕ್ಟರಿಗೆ ಟ್ರಾಲಿಯನ್ನು ಜೋಡಿಸುವ ಪಿನ್ನು ಸವೆದು ಹೋಗಿತ್ತು. ನಾಳೆ ಅದೇ ಟ್ರಾಲಿಯಲ್ಲಿ ಮದುವೆಯ ದಿಬ್ಬಣ, ದಾರಿಯಲ್ಲಿ ದೊಡ್ಡ ಏರು. ಸಂಜೆಯೊಳಗೆ ಹೊಸ ಪಿನ್ನು ಬೇಕೆಂದು ಹೇಳಿ ಹೋಗಿದ್ದ.

ಆ ದಪ್ಪದ ಸರಳುಗಳು ಶೆಡ್ಡಿನಲ್ಲಿ ಎರಡಿದ್ದವು. ಒಂದು ಪಿನ್ನಿಗೆ ತಕ್ಕ ಉಕ್ಕು; ಎಳೆತವನ್ನೂ ಏಟನ್ನೂ ತಾಳುವಂಥದು. ಇನ್ನೊಂದು ಬೇರಿಂಗು ಮಾಡುವ ಉಕ್ಕು. ವರ್ಷಗಟ್ಟಲೆ ತಿರುಗಿದರೂ ಸವೆಯದು, ಆದರೆ ಜೋರಾಗಿ ಜಗ್ಗಿದರೆ ಹೇಳದೆ ಕೇಳದೆ ಮುರಿಯುತ್ತದೆ. ಗುರುತು ಸಿಗಲೆಂದು ಸರಳಿನ ಒಂದು ತುದಿಗೆ ಬಣ್ಣ ಬಳಿದಿರುತ್ತಾರೆ. ಬಣ್ಣವಿಲ್ಲದ ಕಡೆಯಿಂದ ಕತ್ತರಿಸುತ್ತ ಬರಬೇಕು, ಬಣ್ಣದ ತುದಿ ಕಡೆಯವರೆಗೂ ಉಳಿಯಬೇಕು. ಶೆಡ್ಡಿಗೆ ಬಂದವರು ಕಲಿಯುವ ಮೊದಲ ಪಾಠವೇ ಅದು. ಹೋದ ವಾರ ಅವಸರದಲ್ಲಿ ಗವಿಸಿದ್ಧ ಎರಡನ್ನೂ ಬಣ್ಣದ ಕಡೆಯಿಂದಲೇ ಕತ್ತರಿಸಿಬಿಟ್ಟಿದ್ದ.

ಈ ಬೆಳಿಗ್ಗೆ ಅವನು ಎರಡು ಸರಳುಗಳ ಮುಂದೆ ಬಹಳ ಹೊತ್ತು ನಿಂತ. ಎತ್ತಿ ನೋಡಿದ, ತಟ್ಟಿ ನೋಡಿದ. ಒಮ್ಮೆ ಎಡಗಡೆಯದು ಸರಿ ಅನ್ನಿಸಿತು, ಒಮ್ಮೆ ಬಲಗಡೆಯದು. ಕೊನೆಗೆ ಎಡಗಡೆಯದನ್ನು ತೆಗೆದುಕೊಂಡ. ಪಿನ್ನು ಕಡೆದ, ಕಾಯಿಸಿ ಎಣ್ಣೆಯಲ್ಲಿ ಅದ್ದಿದ, ಹದ ಕೊಟ್ಟ, ಒರೆಸಿ ಚಿಂದಿಯಲ್ಲಿ ಸುತ್ತಿ ಬೆಂಚಿನ ಮೇಲಿಟ್ಟ. ನೋಡಲು ಲಕ್ಷಣವಾಗಿಯೇ ಇತ್ತು. ಆದರೂ ಅವನಿಗೆ ನಂಬಿಕೆ ಬರಲಿಲ್ಲ. ಬಣ್ಣ ಕತ್ತರಿಸಿ ಹಾಕಿದೆ ಎಂದು ಗುರುಗಳಿಗೆ ಹೇಳುವುದಕ್ಕಿಂತ ತತ್ವ ಕೇಳುವುದು ಸುಲಭ ಅನ್ನಿಸಿತು.

ಆಚಾರ್ಯರು ಎಲೆಯನ್ನು ದವಡೆಗೆ ಒತ್ತರಿಸಿಕೊಂಡು ಕತೆ ಶುರು ಮಾಡಿದರು.

ಒಂದು ಗಣಿ ಇತ್ತು. ಗಣಿಗೊಂದು ವರ್ಕ್‌ಶಾಪು, ವರ್ಕ್‌ಶಾಪಿಗೊಂದು ಉಕ್ಕಿನ ಸ್ಟೋರು. ಆ ಸ್ಟೋರು ನೋಡಿಕೊಳ್ಳುವವನು ಬಲು ಅಚ್ಚುಕಟ್ಟಿನ ಮನುಷ್ಯ. ಅವನ ಸ್ಟೋರಿನಲ್ಲಿ ಏಳು ಥರದ ಉಕ್ಕಿನ ಸರಳುಗಳಿದ್ದವು, ಒಂದೊಂದಕ್ಕೆ ಒಂದೊಂದು ಬಣ್ಣ. ಉಕ್ಕಿನ ಹೆಸರೆಲ್ಲ ಅಂಕಿಯಲ್ಲಿ: ಇಎನ್ ಎಂಟು ಎಂಬುದು ಸಾಮಾನ್ಯ ಶಾಫ್ಟಿಗೆ, ಬೋಲ್ಟಿಗೆ. ಹತ್ತೊಂಬತ್ತು ಅದಕ್ಕಿಂತ ಗಟ್ಟಿಗ, ಭಾರ ಹೊರುವ ಅಚ್ಚಿಗೆ. ಮೂವತ್ತಾರಕ್ಕೆ ಹೊರಗಿನ ಚರ್ಮ ಕಲ್ಲು, ಒಳಗು ಮೆತ್ತಗೆ; ಗೇರಿನ ಹಲ್ಲಿಗೆ ಅದೇ ಬೇಕು. ಮೂವತ್ತೊಂದು ಬೇರಿಂಗಿಗೆ. ನಲವತ್ತೈದು ಎಷ್ಟು ಬಗ್ಗಿಸಿದರೂ ಮತ್ತೆ ನೆಟ್ಟಗಾಗುತ್ತದೆ, ಲಾರಿಯ ಪಟ್ಟಾ ಸ್ಪ್ರಿಂಗಿಗೆ. ಇಪ್ಪತ್ನಾಲ್ಕು ಅಂದರೆ ಇಪ್ಪತ್ನಾಲ್ಕೇ. ಅದರಲ್ಲಿ ನಿಕ್ಕಲ್ಲಿದೆ, ಕ್ರೋಮಿಯಂ ಇದೆ, ಚೂರು ಮಾಲಿಬ್ಡಿನಂ ಇದೆ. ಜೀವ ತೂಗಾಡುವ ಕಡೆ ಅದನ್ನೇ ಹಾಕುವುದು. ಏಳನೆಯದು ಬರೀ ಕೊಕ್ಕೆ, ಬಳೆ ಮಾಡುವ ಮೆದು ಕಬ್ಬಿಣ. ಸ್ಟೋರಿನವನಿಗೆ ಇದೆಲ್ಲ ಬಾಯಿಪಾಠ. ಕಣ್ಣು ಮುಚ್ಚಿ ಕೊಡುತ್ತೇನೆ ಎನ್ನುತ್ತಿದ್ದ. ಕಣ್ಣು ತೆರೆದು ಬಣ್ಣ ನೋಡಿ ಕೊಡುತ್ತಿದ್ದ ಎಂಬುದು ಅವನಿಗೇ ಮರೆತುಹೋಗಿತ್ತು.

ಆಯುಧಪೂಜೆ ಬಂತು. ವರ್ಕ್‌ಶಾಪಿನಲ್ಲಿ ಆ ಹಬ್ಬ ಎಂದರೆ ಗೊತ್ತಲ್ಲ. ಯಂತ್ರ ತೊಳೆಯುವುದು, ಬಣ್ಣ ಬಳಿಯುವುದು, ಬಾಳೆಕಂಬ ಕಟ್ಟುವುದು, ಯಾರ ಜಾಗ ಹೆಚ್ಚು ಚೆಂದ ಎಂದು ಒಳಗೊಳಗೇ ಪೈಪೋಟಿ. ಸ್ಟೋರಿನವನು ಆ ವರ್ಷ ಎಲ್ಲರ ಕಣ್ಣು ಕುಕ್ಕುವಂತೆ ಮಾಡಬೇಕೆಂದು ಹೊರಟ. ಸರಳುಗಳನ್ನೆಲ್ಲ ಅಂಗಳಕ್ಕೆ ಇಳಿಸಿದ. ಸೀಮೆಎಣ್ಣೆ ಹಾಕಿ, ತಂತಿ ಬ್ರಷ್ಷಿನಿಂದ ತುಕ್ಕು ತಿಕ್ಕಿಸಿದ. ಹಳೆಯ ಬಣ್ಣಗಳು ಅಲ್ಲಲ್ಲಿ ಎದ್ದು, ಅಲ್ಲಲ್ಲಿ ಬಿದ್ದು, ನೋಡಲು ಗಲೀಜಾಗಿದ್ದವು. ಅವನ್ನೂ ತಿಕ್ಕಿಸಿದ. ಎಲ್ಲ ತುದಿಗೂ ಕುಂಕುಮದಂಥ ಕೆಂಪು ಬಳಿಸಿದ. ಯಾವ ಕಟ್ಟು ಯಾವ ಗೂಡಿಗೆ ಎಂಬುದು ನನಗೆ ಗೊತ್ತಿದೆಯಲ್ಲ ಎಂಬ ಧೈರ್ಯ. ಆಮೇಲೆ ಬೂದುಗುಂಬಳಕಾಯಿ ತರಲು ಪೇಟೆಗೆ ಹೊರಟವನು ಕೂಲಿಯವರಿಗೆ ಹೇಳಿ ಹೋದ: ಉದ್ದ ನೋಡಿ ಜೋಡಿಸಿಬಿಡಿ, ಚೆಂದ ಕಾಣಬೇಕು.

ಅವರು ಹೇಳಿದಷ್ಟೇ ಮಾಡಿದರು. ಉದ್ದದ್ದೆಲ್ಲ ಒಂದು ಕಡೆ, ಗಿಡ್ಡದ್ದೆಲ್ಲ ಒಂದು ಕಡೆ. ಏಳು ಥರದ ಉಕ್ಕು ಒಂದೇ ಮನೆಯ ಮಕ್ಕಳಂತೆ ಕೆಂಪು ಹಚ್ಚಿಕೊಂಡು ಸಾಲಾಗಿ ಕೂತವು. ಪೂಜೆಗೆ ಬಂದ ಮ್ಯಾನೇಜರು ಎಲ್ಲರೆದುರು ಸ್ಟೋರಿನವನ ಬೆನ್ನು ತಟ್ಟಿದ. ಸ್ಟೋರು ಅಂದರೆ ಹೀಗಿರಬೇಕು ಎಂದ. ಮಂಗಳಾರತಿ ಸ್ಟೋರಿನವನ ಕೈಯಿಂದಲೇ ಆಯಿತು. ಮಂಡಕ್ಕಿ ಹಂಚುವಾಗ ಅವನು ಒಮ್ಮೆ ಗೂಡುಗಳ ಕಡೆ ನೋಡಿದ. ಯಾವುದು ಯಾವ ಉಕ್ಕೆಂದು ಅವನಿಗೇ ತಿಳಿಯಲಿಲ್ಲ. ಕೈ ಮಾತ್ರ ಮಂಡಕ್ಕಿ ಹಂಚುತ್ತಲೇ ಇತ್ತು.

ಹಬ್ಬ ಮುಗಿದು ಎರಡನೆಯ ದಿನ ಫೋರ್‌ಮನ್ ಬಂದ.

“ಕೇಜಿನ ಪಿನ್ನು ಬದಲಿ ಮಾಡ್ಬೇಕು. ಇಪ್ಪತ್ನಾಲ್ಕು ಒಂದು ತುಂಡು ಕೊಡು.”

“ಈಗ ಕೊಟ್ಟೆ,” ಎಂದ ಸ್ಟೋರಿನವನು.

ಕೇಜು ಎಂದರೆ ಜನರನ್ನು ಗಣಿಯೊಳಗೆ ಇಳಿಸುವ ಕಬ್ಬಿಣದ ಪಂಜರ. ಒಂದು ಸಲಕ್ಕೆ ಇಪ್ಪತ್ತು ಜನ. ಪಂಜರಕ್ಕೂ ಅದನ್ನು ಎಳೆಯುವ ಹಗ್ಗಕ್ಕೂ ನಡುವೆ ಇರುವುದು ಆ ಪಿನ್ನು. ಸ್ಟೋರಿನವನ ಒಡಹುಟ್ಟಿದ ತಮ್ಮ ದಿನಾ ಅದೇ ಕೇಜಿನಲ್ಲಿ ಕೆಳಗಿಳಿಯುತ್ತಿದ್ದ.

ಸ್ಟೋರಿನವನು ಒಳಗೆ ಹೋಗಿ ಸರಳುಗಳ ಮುಂದೆ ನಿಂತ. ಒಂದನ್ನು ಎತ್ತಿದ, ಭಾರ. ಇನ್ನೊಂದನ್ನು ಎತ್ತಿದ, ಅದೂ ಅಷ್ಟೇ ಭಾರ. ಅಯಸ್ಕಾಂತ ಹಿಡಿದ, ಎಲ್ಲಕ್ಕೂ ಅಂಟಿತು. ಸುತ್ತಿಗೆಯಿಂದ ತಟ್ಟಿದ. ಮೊದಲ ಸಲ ಎರಡರ ದನಿ ಬೇರೆ ಕೇಳಿಸಿತು, ಎರಡನೆಯ ಸಲ ಒಂದೇ ಕೇಳಿಸಿತು, ಮೂರನೆಯ ಸಲ ತಾನು ಮೊದಲು ತಟ್ಟಿದ್ದು ಯಾವುದೆಂದೇ ಮರೆಯಿತು. ಅರ ಹಾಕಿ ಉಜ್ಜಿದ, ಎಲ್ಲದರಿಂದಲೂ ಪುಡಿ ಉದುರಿತು. ಕುಲುಮೆಗೆ ಹೋಗಿ ಹದವಾಗುವ ಮುನ್ನ ಉಕ್ಕು ತನ್ನ ಗುಣ ತೋರಿಸುವುದಿಲ್ಲ. ಇದೂ ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದೆಲ್ಲ ಆ ಹೊತ್ತಿಗೆ ಉಪಯೋಗಕ್ಕೆ ಬಾರದೆ ನಿಂತಿತ್ತು.

ದಾರಿ ಇರಲಿಲ್ಲವೆಂದಲ್ಲ. ಸ್ಟೋರಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಒಬ್ಬ ಮುದುಕ ಸಾಣೆಕಲ್ಲಿನ ಮುಂದೆ ಕೂತಿರುತ್ತಿದ್ದ. ಉಳಿಗಳಿಗೆ ಸಾಣೆ ಹಿಡಿಯುವುದು ಅವನ ಕೆಲಸ. ಸರಳಿನ ಅಂಚನ್ನು ಕಲ್ಲಿಗೆ ಸುಮ್ಮನೆ ಮುಟ್ಟಿಸಿದರೆ ಸಾಕು, ಕಿಡಿ ನೋಡಿ ಉಕ್ಕಿನ ಹೆಸರು ಹೇಳುತ್ತಿದ್ದ. ಮೂವತ್ತೊಂದಾದರೆ ಕಿಡಿ ಗಿಡ್ಡ, ಕಲ್ಲಿನ ಹತ್ತಿರವೇ ಸುರುಸುರುಬತ್ತಿಯಂತೆ ಹೂವು ಹೂವಾಗಿ ಒಡೆಯುತ್ತದೆ. ಇಪ್ಪತ್ನಾಲ್ಕಾದರೆ ಕಿಡಿ ಉದ್ದ, ಹೂವು ಕಡಿಮೆ, ತುದಿಯಲ್ಲಿ ಬಿಡಿಯಾಗಿ ಒಂದು ಭರ್ಚಿಯ ಮೊನೆ. ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತಿನ ಕೆಲಸ.

ಆದರೆ ಮುದುಕನ ಹತ್ತಿರ ಸರಳು ಒಯ್ದರೆ, ಬಣ್ಣ ಏನಾಯಿತು ಎಂದು ಅವನು ಕೇಳುತ್ತಾನೆ. ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ವರ್ಕ್‌ಶಾಪು ನಗುತ್ತದೆ. ಮ್ಯಾನೇಜರು ತಟ್ಟಿದ ಬೆನ್ನು ಇನ್ನೂ ಬೆಚ್ಚಗಿತ್ತು. ಸ್ಟೋರಿನವನು ಇಪ್ಪತ್ತು ಹೆಜ್ಜೆಯಲ್ಲಿ ಎಂಟು ಹೆಜ್ಜೆ ನಡೆದ. ಅಲ್ಲಿ ಫೋರ್‌ಮನ್ ಎದುರಾಗಿ, ಎಲ್ಲಿ ತುಂಡು ಎಂದ. ಅವನು ಹಿಂದಿರುಗಿ ಕೈಗೆ ಸಿಕ್ಕ ಒಂದು ಸರಳನ್ನು ಕತ್ತರಿಸಿ ಕೊಟ್ಟ.

ಇಲ್ಲಿ ಆಚಾರ್ಯರು ಎದ್ದು, ಶೆಡ್ಡಿನ ಬಾಗಿಲಿಗೆ ಹೋಗಿ, ಎಲೆ ಉಗುಳಿ ಬಂದರು. ಗವಿಸಿದ್ಧನಿಗೆ ಗುರುಗಳು ತನ್ನ ಕತೆಯನ್ನೇ ಹೇಳುತ್ತಿದ್ದಾರೋ, ಬೇರೆ ಯಾರದ್ದೋ ತಿಳಿಯಲಿಲ್ಲ. ಬೆಳಿಗ್ಗೆ ಅವರು ಪೇಟೆಗೆ ಹೋಗಿದ್ದರಲ್ಲ, ನೋಡಿರಲು ಸಾಧ್ಯವಿಲ್ಲ. ಹಾಗಾದರೆ ಬೆಂಚಿನ ಮೇಲಿನ ಚಿಂದಿಯ ಕಡೆ ಅವರು ಒಮ್ಮೆಯೂ ನೋಡುತ್ತಿಲ್ಲ ಏಕೆ? ನೋಡದೆ ಇರುವುದೂ ಒಂದು ಥರದ ನೋಡುವುದೇ ಇರಬಹುದೇ? ಅವನಿಗೆ ಒಂದೂ ಬಗೆಹರಿಯಲಿಲ್ಲ.

ಪಿನ್ನು ತಯಾರಾಯಿತು, ಆಚಾರ್ಯರು ಮುಂದುವರಿಸಿದರು. ಹದ ಕೊಟ್ಟ ಮೇಲೆ ಗಟ್ಟಿತನ ಅಳೆದರು, ಅಂಕಿ ಸರಿ ಬಂತು. ಸ್ಟೋರಿನವನಿಗೆ ಜೀವ ಬಂದಂತಾಯಿತು. ಮರುಗಳಿಗೆಯಲ್ಲೇ ನೆನಪಾಯಿತು: ಹದ ಕೊಡುವುದರಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೆ ಬೇರೆ ಉಕ್ಕೂ ಅದೇ ಅಂಕಿ ತೋರಿಸುತ್ತದೆ. ಪಿನ್ನು ಕೇಜಿಗೆ ಏರಿತು. ಜನ ಇಳಿದರು, ಹತ್ತಿದರು. ಏನೂ ಆಗಲಿಲ್ಲ.

ಇತ್ತ ವರ್ಕ್‌ಶಾಪಿನಲ್ಲಿ ಗಲಿಬಿಲಿ ಶುರುವಾಯಿತು. ಲಾರಿಗೆ ಹಾಕಿದ ಹೊಸ ಸ್ಪ್ರಿಂಗು ಒಂದೇ ವಾರಕ್ಕೆ ಸೊಂಟ ಬಿದ್ದವರಂತೆ ಜೋತುಬಿತ್ತು. ಕೊಕ್ಕೆ ಮಾಡಲು ಕೊಟ್ಟ ಸರಳು ಬಗ್ಗಿಸಲು ಹೋದರೆ ನೆಟ್ಟಗಾಗಿ ಮೂಗಿಗೆ ಬಡಿಯಿತು. ಬೋಲ್ಟಿಗೆ ತಿರುಪು ಕೊರೆಯಲು ಹೋದವನ ಉಳಿ ಮೂರು ಸಲ ಮುರಿಯಿತು. ಈ ಸಲದ ಮಾಲೇ ಸರಿಯಿಲ್ಲ ಎಂದು ಫೋರ್‌ಮನ್ ಮಾಲು ಕಳಿಸಿದವರನ್ನು ಬೈದ. ಹೌದು, ಸರಿಯಿಲ್ಲ ಎಂದು ಸ್ಟೋರಿನವನೂ ತಲೆಯಾಡಿಸಿದ. ತಪ್ಪು ಜಾಗಕ್ಕೆ ಹೋದ ಒಂದೊಂದು ಸರಳೂ ತಾನು ಯಾರೆಂದು ಹೀಗೆ ಬಾಯಿಬಿಟ್ಟು ಹೇಳಿತು. ಪಿನ್ನು ಮಾತ್ರ ಬಾಯಿ ಬಿಡಲಿಲ್ಲ.

ಅವನು ಲೆಕ್ಕ ಹಾಕಲು ನೋಡಿದ. ಜೋತುಬಿದ್ದದ್ದು ಎಂಟು ಇರಬೇಕು, ಮೂಗಿಗೆ ಬಡಿದದ್ದು ನಲವತ್ತೈದು, ಉಳಿ ಮುರಿದದ್ದು ಮೂವತ್ತೊಂದು. ಹಾಗಾದರೆ ಪಿನ್ನಿಗೆ ಹೋದದ್ದು ಇಪ್ಪತ್ನಾಲ್ಕೇ. ಆದರೆ ಮೂವತ್ತೊಂದರ ಸರಳು ಇದ್ದದ್ದು ಎರಡೋ ಮೂರೋ? ಹೀಗೆ ಯೋಚಿಸುತ್ತ ಕೂತವನ ಮುಂದೆ ಹೊಸ ಮಾಲು ಬಂತು, ಹೊಸ ಬಣ್ಣ ಬಂತು, ಎಲ್ಲವೂ ಮೊದಲಿನಂತಾಯಿತು. ಅವನ ತಲೆಯೊಳಗೆ ಮಾತ್ರ ಎಲ್ಲ ಸರಳಿಗೂ ಕೆಂಪು ಬಣ್ಣವೇ ಇತ್ತು.

ತಿಂಗಳಿಗೊಮ್ಮೆ ಪರೀಕ್ಷೆಯವರು ಬಂದು ಪಿನ್ನಿನಲ್ಲಿ ಬಿರುಕಿಲ್ಲವೆಂದು ಸಹಿ ಹಾಕುತ್ತಿದ್ದರು. ಇಂದು ಬಿರುಕಿಲ್ಲ ಎಂದರೆ ನಾಳೆಯೂ ಇಲ್ಲವೆಂದು ಅರ್ಥವೇ? ಪಾಳಿ ಬದಲಾಗುವಾಗಲೆಲ್ಲ ಅವನು ಕೆಲಸ ಬಿಟ್ಟು ಕೇಜು ಇಳಿಯುವ ಬಾವಿಯ ಬಾಯಿಗೆ ಹೋಗಿ ನಿಲ್ಲುತ್ತಿದ್ದ. ಹಗ್ಗದ ಸದ್ದಿಗೆ ಕಿವಿಗೊಡುತ್ತಿದ್ದ. ತಮ್ಮನ ಮೇಲೆ ಎಷ್ಟು ಪ್ರೀತಿ ನೋಡು ಎಂದು ಜನ ಮೆಚ್ಚಿಕೊಂಡರು. ಮೆಚ್ಚಿದಷ್ಟೂ ಅವನಿಗೆ ಮೈ ಉರಿಯಿತು.

ಆರು ತಿಂಗಳಾದ ಮೇಲೆ ಅವನಿಂದ ತಡೆಯಲಾಗಲಿಲ್ಲ. ಮ್ಯಾನೇಜರಿಗೆ ಹೋಗಿ, ನನ್ನ ತಮ್ಮನಿಗೆ ಕೆಳಗಿಳಿದರೆ ತಲೆ ಸುತ್ತುತ್ತದೆ, ಯಾರಿಗೂ ಹೇಳದೆ ಮುಚ್ಚಿಟ್ಟಿದ್ದಾನೆ ಎಂದು ಸುಳ್ಳು ಹೇಳಿದ. ತಮ್ಮನನ್ನು ಮೇಲಿನ ಕೆಲಸಕ್ಕೆ, ಗೇಟು ಕಾಯಲು ಹಾಕಿದರು. ಗಣಿಯಲ್ಲಿ ಹೆಸರು ಮಾಡಿದ ಆಳು ಅವನು. ಬಂಡೆಯ ಮೇಲೆ ಕೈಯಿಟ್ಟು ಅದು ಎಲ್ಲಿ ಸೀಳುತ್ತದೆಂದು ಹೇಳುತ್ತಿದ್ದವನು. ಗೇಟಿನ ಪಕ್ಕದ ಸ್ಟೂಲಿನ ಮೇಲೆ ಕೂತು ಸಣ್ಣಗಾದ. ಮಾಡಿಸಿದವನು ಅಣ್ಣ ಎಂದು ತಿಳಿದ ದಿನ ಮಾತು ಬಿಟ್ಟ. ಒಂದೇ ಗೋಡೆಯ ಎರಡು ಮನೆಗಳ ನಡುವೆ ಓಡಾಟ ನಿಂತಿತು. ಅಣ್ಣ ಅದನ್ನೂ ನುಂಗಿಕೊಂಡ. ತಮ್ಮ ಮೇಲಿದ್ದಾನಲ್ಲ, ಸಾಕು ಎಂದುಕೊಂಡ. ಆದರೂ ಅವನು ಬಾವಿಯ ಬಾಯಿಗೆ ಹೋಗುವುದು ನಿಲ್ಲಲಿಲ್ಲ. ಉಳಿದವರು ಇಳಿಯುತ್ತಲೇ ಇದ್ದರು. ಕೇಜಿನ ಬಾಗಿಲು ಹಾಕುವ ಮುನ್ನ, ಊಟ ಆಯಿತೇ ಅಣ್ಣಾ ಎಂದು ಯಾರಾದರೂ ಕೇಳಿದರೆ ಅವನು ಬೇರೆ ಕಡೆ ನೋಡುತ್ತಿದ್ದ.

ಐದು ವರ್ಷ ಕಳೆಯಿತು. ನಿಯಮದ ಪ್ರಕಾರ ಹಳೆಯ ಪಿನ್ನು ಇಳಿಸಿ ಹೊಸದು ಹಾಕಿದರು. ಹಳೆಯದು ಗುಜರಿಗೆಂದು ಸ್ಟೋರಿಗೆ ಬಂತು. ಅವನು ಅದನ್ನು ಎತ್ತಿಕೊಂಡು, ಈ ಸಲ ಇಪ್ಪತ್ತು ಹೆಜ್ಜೆಯನ್ನೂ ನಡೆದು, ಸಾಣೆಯ ಮುದುಕನ ಮುಂದಿಟ್ಟ. ಇದು ಯಾವ ಉಕ್ಕು ನೋಡು ಎಂದ. ಮುದುಕ ಯಾಕೆ, ಏನು ಎಂದು ಒಂದು ಮಾತೂ ಕೇಳಲಿಲ್ಲ. ಅಂಚನ್ನು ಕಲ್ಲಿಗೆ ಮುಟ್ಟಿಸಿದ. ಕಿಡಿ ಉದ್ದಕ್ಕೆ ಹಾರಿತು. ಹೂವು ಕಡಿಮೆ, ತುದಿಯಲ್ಲಿ ಭರ್ಚಿಯ ಮೊನೆ. ಇಪ್ಪತ್ನಾಲ್ಕು ಎಂದು ಹೇಳಿ ಮುದುಕ ಪಿನ್ನನ್ನು ಹಿಂದಕ್ಕೆ ಕೊಟ್ಟ.

ಸ್ಟೋರಿನವನು ಅಲ್ಲೇ ನೆಲದ ಮೇಲೆ ಕೂತು ಅತ್ತ. ಏಕೆ ಅಳುತ್ತಿದ್ದೇನೆ ಎಂದು ಅವನಿಗೇ ಸರಿಯಾಗಿ ತಿಳಿಯಲಿಲ್ಲ. ಸಮಾಧಾನಕ್ಕೋ, ಐದು ವರ್ಷಕ್ಕೋ. ಪಿನ್ನು ಹಿಡಿದುಕೊಂಡೇ ತಮ್ಮನ ಮನೆಗೆ ಹೋದ. ಹೊಸ್ತಿಲ ಹೊರಗೆ ನಿಂತು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದ. ಉಕ್ಕು ಸರಿಯಾದದ್ದೇ ಇತ್ತು, ನೋಡು ಎಂದು ಪಿನ್ನನ್ನು ಮುಂದೆ ಚಾಚಿದ. ತಮ್ಮ ಅದನ್ನು ಮುಟ್ಟಲಿಲ್ಲ.

“ನನ್ನೊಬ್ಬನ್ನ ಮ್ಯಾಲ ತಂದಿ,” ಎಂದ. “ಉಳಿದ ಹತ್ತೊಂಬತ್ತು ಮಂದಿ ಮುಖಾ ದಿನಾ ಹೆಂಗ ನೋಡಿದಿ?”

ಬಾಗಿಲು ಹಾಕಿಕೊಂಡಿತು.

ಆಚಾರ್ಯರು ಕತೆಯನ್ನು ಅಲ್ಲಿಗೆ ಬಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದರು. ಲೇತಿನ ಮೇಲೆ ಬಿದ್ದಿದ್ದ ಉಕ್ಕಿನ ಸುರುಳಿಗಳನ್ನು ಬ್ರಷ್ಷಿನಿಂದ ಗುಡಿಸತೊಡಗಿದರು. ಮುಂದೇನಾಯಿತೆಂದು ಹೇಳುವ ಲಕ್ಷಣ ಕಾಣಲಿಲ್ಲ.

ಗವಿಸಿದ್ಧನ ತಲೆ ಮೊದಲಿಗಿಂತ ಹೆಚ್ಚು ಕಲಸಿಹೋಗಿತ್ತು. ಕೇಜಿನ ಹಗ್ಗ ಹರಿಯುತ್ತದೆ, ಪಿನ್ನು ಮುರಿಯುತ್ತದೆ, ಜನ ಸಾಯುತ್ತಾರೆ ಎಂದು ಅವನು ಉಸಿರು ಬಿಗಿಹಿಡಿದು ಕಾದಿದ್ದ. ಯಾರೂ ಸತ್ತಿರಲಿಲ್ಲ. ಹಾಗಾದರೆ ಕತೆ ತನ್ನ ಪರವಾಗಿಯೇ ಇದೆಯಲ್ಲ. ಆರಿಸಿದ್ದು ಸರಿಯಿದ್ದರೆ ಆಯಿತು ಎಂದು ತಾನು ಕೇಳಿದ್ದೂ ಅದೇ. ದೂರದ ರಸ್ತೆಯಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿತು. ಟ್ರ್ಯಾಕ್ಟರಿನವನು ಹೇಳಿದ್ದಕ್ಕಿಂತ ಬೇಗನೇ ಬಂದಿದ್ದ. ಗವಿಸಿದ್ಧ ಚಿಂದಿಯ ಮೇಲೆ ಕೈಯಿಟ್ಟ.

“ಅಲ್ರಿ ಗುರುಗಳ,” ಎಂದ. “ಅವ ಕೊಟ್ಟ ಸರಳು ಸರಿಯಾದದ್ದ ಇತ್ತಲ್ರಿ. ಕಡೀಗೂ ಏನೂ ಆಗ್ಲಿಲ್ಲಲ್ರಿ?”

ಆಚಾರ್ಯರು ಬ್ರಷ್ಷನ್ನು ಮೊಳೆಗೆ ಸಿಕ್ಕಿಸಿದರು.

“ಸರಳಿಗೇನೂ ಆಗ್ಲಿಲ್ಲಪ್ಪ.”

ಟ್ರ್ಯಾಕ್ಟರು ಶೆಡ್ಡಿನ ಮುಂದೆ ಬಂದು ನಿಲ್ಲುವಷ್ಟರಲ್ಲಿ ಗವಿಸಿದ್ಧ ಪಿನ್ನು ಹಿಡಿದುಕೊಂಡು ಸಾಣೆಕಲ್ಲಿನ ಸ್ವಿಚ್ಚು ಒತ್ತಿದ್ದ.